ಬಸ್ಸು ಫ್ರೀ, ಹಾಸಿಗೆ ಯಾರ ಕೃಪೆ? ಬೆಂಗಳೂರಲ್ಲಿ ಒಂದು ರಾತ್ರಿ ತಂಗೋದು ಹೇಗೆ

ಸಿಂಧನೂರಿನಿಂದ ಬೆಂಗಳೂರಿಗೆ ನಾನು ಬಂದಿದ್ದು ಸೊನ್ನೆ ರೂಪಾಯಿಯ ಶಕ್ತಿ ಟಿಕೆಟ್ಟಿನಲ್ಲಿ. ಮರುದಿನ ಬೆಳಿಗ್ಗೆ ಒಂದು ನೌಕರಿಯ ದಾಖಲಾತಿ ಪರಿಶೀಲನೆ ಇತ್ತು. ಬಸ್ಸು ತಡವಾದರೆ ಕಷ್ಟ ಅಂತ ಹಿಂದಿನ ದಿನವೇ ಹೊರಟಿದ್ದೆ. ಮೆಜೆಸ್ಟಿಕ್‌ನಲ್ಲಿ ಇಳಿದಾಗ ರಾತ್ರಿ ಒಂಬತ್ತು. ಮೊದಲ ಲಾಡ್ಜ್‌ನಲ್ಲಿ "ಒಬ್ಬರೇ ಲೇಡೀಸ್‌ಗೆ ಕೊಡಲ್ಲ ಮೇಡಂ" ಅಂದ್ರು. ಎರಡನೆಯದರಲ್ಲಿ "ಎಸಿ ರೂಮ್ ಮಾತ್ರ ಖಾಲಿ, 1,800" ಅಂದ್ರು. ಮೂರನೆಯದಕ್ಕೆ ಹೋಗೋ ಧೈರ್ಯ ಬರಲಿಲ್ಲ. ಫೈಲನ್ನು ತೊಡೆ ಮೇಲಿಟ್ಟುಕೊಂಡು ಬಸ್ ನಿಲ್ದಾಣದ ಬೆಂಚಿನ ಮೇಲೆ ಬೆಳಗು ಮಾಡಿದೆ.

ಆಮೇಲೆ ಹತ್ತಾರು ಸಲ ಬಂದಿದ್ದೀನಿ. ಪರೀಕ್ಷೆಗೆ, ಅಮ್ಮನ ಚಿಕಿತ್ಸೆಗೆ, ಫ್ರೀಡಂ ಪಾರ್ಕಿನ ಧರಣಿಗೆ. ಈ ಊರಲ್ಲಿ ಅಗ್ಗದ ಹಾಸಿಗೆಗಳು ಇಲ್ಲ ಅಂತಲ್ಲ. ಇರೋದರಲ್ಲಿ ಹೆಚ್ಚಿನವು "ಯಾರ ಕಡೆಯವರು?" ಅಂತ ಕೇಳ್ತಾವೆ. ಆ ಪ್ರಶ್ನೆಗೆ ಉತ್ತರ ಇಲ್ಲದವರಿಗಾಗಿ ಇದನ್ನು ಬರೀತಿದ್ದೀನಿ.

ಪರಿಚಯ ಬೇಡುವ ಹಾಸಿಗೆಗಳು

ಮೊದಲನೆಯದು ಎಂಎಲ್ಎ ರೂಮು. ಶಾಸಕರ ಭವನದಲ್ಲಿ ನಿಮ್ಮ ಕ್ಷೇತ್ರದ ಶಾಸಕರಿಗೆ ಕೋಣೆ ಇರುತ್ತೆ. ಅವರ ಪಿಎಗೆ ಫೋನ್ ಹೋದರೆ ಊರಿನವರಿಗೆ ನೆಲದ ಮೇಲಾದರೂ ಜಾಗ ಸಿಗುತ್ತೆ. ಆದರೆ ಆ ಫೋನ್ ಮಾಡಿಸೋಕೆ ಪಕ್ಷದ ಯಾರಾದರೂ ಬೇಕು, ಮುಂದಿನ ಚುನಾವಣೆಯಲ್ಲಿ ಅದು ನೆನಪಿಗೂ ಬರುತ್ತೆ. ಸರ್ಕಾರದ ವಿರುದ್ಧ ಧರಣಿಗೆ ಬಂದವರು ಆಡಳಿತ ಪಕ್ಷದ ಶಾಸಕರ ರೂಮಲ್ಲಿ ಮಲಗೋದು ಎಷ್ಟು ಸಾಧ್ಯ, ನೀವೇ ಯೋಚಿಸಿ.

ಎರಡನೆಯದು ಜಾತಿ, ಸಮುದಾಯದ ಭವನಗಳು, ಮಠದ ಹಾಸ್ಟೆಲ್ಲುಗಳು. ಎಷ್ಟೋ ಬಡ ಮಕ್ಕಳ ಓದಿಗೆ ಇವು ಆಸರೆಯಾಗಿವೆ, ಅದನ್ನು ಮರೆಯಬಾರದು. ಆದರೆ ಬಲಿಷ್ಠ ಸಮುದಾಯಕ್ಕೆ ದೊಡ್ಡ ಭವನ, ಸಣ್ಣ ಸಮುದಾಯಕ್ಕೆ ಬೆಂಚು ಅನ್ನೋದೂ ನಿಜ.

ಮೂರನೆಯದು ನೆಂಟರ ಮನೆ, ಗೆಳೆಯರ ಪಿಜಿ. ಒಂದು ಸಲ ಸರಿ. ನಾಲ್ಕನೇ ಸಲ ಫೋನ್ ಎತ್ತಲ್ಲ.

ಪರಿಚಯ ಬೇಡದವು

ರೈಲ್ವೆ ವಿಶ್ರಾಂತಿ ಕೊಠಡಿ: ರೈಲಿನಲ್ಲಿ ಬರುವವರು ಕೆಎಸ್ಆರ್ ಬೆಂಗಳೂರು ನಿಲ್ದಾಣದ ರಿಟೈರಿಂಗ್ ರೂಮ್ ನೋಡಿ. ಖಾತ್ರಿಯಾದ ಟಿಕೆಟಿನ ಪಿಎನ್ಆರ್ ಹಾಕಿ ಐಆರ್‌ಸಿಟಿಸಿಯಲ್ಲಿ ಮೊದಲೇ ಬುಕ್ ಮಾಡಬಹುದು. ಬೇಗ ತುಂಬುತ್ತೆ, ಹಾಗಾಗಿ ಟಿಕೆಟ್ ಖಾತ್ರಿಯಾದ ದಿನವೇ ಮಾಡಿ. ಬಸ್ಸಲ್ಲಿ ಬಂದವರಿಗೆ, ಅಂದ್ರೆ ಶಕ್ತಿ ಟಿಕೆಟಿನವರಿಗೆ, ಈ ಬಾಗಿಲು ತೆರೆಯಲ್ಲ.

ವೈಎಂಸಿಎ, ವೈಡಬ್ಲ್ಯುಸಿಎ: ನೃಪತುಂಗ ರಸ್ತೆಯ ವೈಎಂಸಿಎ, ಇನ್‌ಫೆಂಟ್ರಿ ರಸ್ತೆಯ ವೈಡಬ್ಲ್ಯುಸಿಎ ಎರಡೂ ವಿಧಾನಸೌಧದ ಆಸುಪಾಸಿನಲ್ಲೇ ಇವೆ. ಹೋಗುವ ಮೊದಲು ಫೋನ್ ಮಾಡಿ ಕೇಳಿ.

ದಿನದ ಬಾಡಿಗೆಯ ಪಿಜಿ: ಒಬ್ಬಳೇ ಬರುವ ಹೆಣ್ಣುಮಗಳಿಗೆ ನನ್ನ ಅನುಭವದಲ್ಲಿ ಇದೇ ವಾಸಿ. ಲೇಡೀಸ್ ಪಿಜಿಗಳಲ್ಲಿ ಹಲವು ಖಾಲಿ ಹಾಸಿಗೆಯನ್ನು ದಿನದ ಲೆಕ್ಕಕ್ಕೆ ಕೊಡ್ತಾವೆ. ಅಡ್ವಾನ್ಸ್ ವಾಪಸ್ ಬರುತ್ತಾ, ರಾತ್ರಿ ಎಷ್ಟು ಹೊತ್ತಿಗೆ ಗೇಟ್ ಹಾಕ್ತಾರೆ, ಈ ಎರಡನ್ನು ಫೋನಿನಲ್ಲೇ ಕೇಳಿಕೊಳ್ಳಿ.

ಆಸ್ಪತ್ರೆಗೆ ಬಂದವರು: ಲಾಡ್ಜ್ ಹುಡುಕುವ ಮೊದಲು ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕಾಣಿ. ಕಿದ್ವಾಯಿಯಂಥ ದೊಡ್ಡ ಆಸ್ಪತ್ರೆಗಳಲ್ಲಿ ಹೊರಗಿಂದ ಬಂದವರಿಗೆ ಧರ್ಮಶಾಲೆ ಇದೆ, ಕೇಳದಿದ್ದರೆ ಯಾರೂ ಹೇಳಲ್ಲ.

ಕೌಂಟರ್ ಮುಂದೆ ನಿಂತಾಗ

ಆಧಾರ್ ಜೆರಾಕ್ಸ್ ಕೊಡಲೇಬೇಕಿಲ್ಲ. ಖಾಸಗಿಯವರಿಗೆ ಆಧಾರ್ ಬಳಸಲು ಅವಕಾಶ ಕೊಟ್ಟಿದ್ದ ಭಾಗವನ್ನು ಸುಪ್ರೀಂ ಕೋರ್ಟ್ 2018ರಲ್ಲೇ ರದ್ದು ಮಾಡಿದೆ. ವೋಟರ್ ಐಡಿ ಅಥವಾ ಡ್ರೈವಿಂಗ್ ಲೈಸೆನ್ಸ್ ತೋರಿಸಿ. ಆಧಾರ್ ಒಂದೇ ಇದ್ದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ಕೊಡಿ.

ಬಿಲ್ ಕೇಳಿ. ದಿನಕ್ಕೆ 1,000 ರೂಪಾಯಿವರೆಗಿನ ಕೋಣೆಗೆ ಮೊದಲು ಜಿಎಸ್‌ಟಿ ಇರಲಿಲ್ಲ. 2022ರ ಜುಲೈ 18ರಿಂದ ಬಡವರ ರೂಮಿನ ಮೇಲೂ ಶೇ 12 ಬಿತ್ತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ಕೋಣೆಗೆ ಶೇ 5 ಆಗಿದೆ. ಈಗಲೂ ಶೇ 12 ಕೇಳಿದರೆ ಕೊಡಬೇಡಿ. ಜಿಎಸ್‌ಟಿ ನೋಂದಣಿಯೇ ಇಲ್ಲದ ಲಾಡ್ಜ್ ತೆರಿಗೆ ವಸೂಲಿ ಮಾಡುವಂತೆಯೇ ಇಲ್ಲ.

ದೂರದ ಅಗ್ಗದ ರೂಮಿನ ಲೆಕ್ಕ ಹಾಕಿ. 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಊರಾಚೆ ತಂಗಿ ದಿನಾ ಹೋಗಿಬಂದರೆ 180 ಅಲ್ಲೇ ಹೋಗುತ್ತೆ. ಶಕ್ತಿ ಮೆಟ್ರೋಗೆ ಅನ್ವಯಿಸಲ್ಲ, ಬಿಎಂಟಿಸಿಯ ಸಾಮಾನ್ಯ ಬಸ್ಸಿಗೆ ಅನ್ವಯಿಸುತ್ತೆ. ಹೆಣ್ಣುಮಕ್ಕಳು ರೂಮು ಹುಡುಕುವಾಗ ಮೆಟ್ರೋ ಬದಲು ಬಸ್ ಮಾರ್ಗ ನೋಡೋದು ಲಾಭ.

ಕೇಳಬೇಕಾದದ್ದು

ಇಷ್ಟೆಲ್ಲ ಜಾಣತನ ಗೊತ್ತಿದ್ದರೂ ಒಬ್ಬೊಬ್ಬರೇ ಹುಡುಕಿಕೊಳ್ಳೋದರಿಂದ ಇದು ಬಗೆಹರಿಯಲ್ಲ. 2023ರ ಜೂನ್ 11ರಂದು ಶಕ್ತಿ ಶುರುವಾದಾಗ ಹೆಣ್ಣುಮಕ್ಕಳ ಓಡಾಟ ಒಂದು ಹಕ್ಕು ಅಂತ ಸರ್ಕಾರ ಒಪ್ಪಿಕೊಂಡ ಹಾಗಾಯ್ತು. ಓಡಾಡಿದವರಿಗೆ ರಾತ್ರಿಯೂ ಆಗುತ್ತೆ ಅನ್ನೋದು ಲೆಕ್ಕಕ್ಕೆ ಬರಲಿಲ್ಲ. 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಫ್ರೀಡಂ ಪಾರ್ಕಿನಲ್ಲೇ ಅಹೋರಾತ್ರಿ ಕೂತಿದ್ದರು. ಅದು ಹೋರಾಟದ ನಿರ್ಧಾರ, ನಿಜ. ಆದರೆ ದಣಿದು ಮಲಗಬೇಕು ಅಂದುಕೊಂಡವರು ಎಲ್ಲಿಗೆ ಹೋಗಬೇಕಿತ್ತು?

ಪಕ್ಕದ ಕೇರಳ ನೋಡಿ. ತಿರುವನಂತಪುರದಲ್ಲಿ ರಾತ್ರಿ ಸಿಕ್ಕಿಹಾಕಿಕೊಂಡ ಹೆಂಗಸರು, ಮಕ್ಕಳಿಗೆ ಸಂಜೆಯಿಂದ ಬೆಳಗಿನವರೆಗೆ ಉಚಿತವಾಗಿ ತಂಗಲು ಸರ್ಕಾರವೇ 'ಎನ್ಟೆ ಕೂಡು' ನಡೆಸುತ್ತೆ. 'ನನ್ನ ಗೂಡು' ಅಂತ ಅರ್ಥ. ಕೊಚ್ಚಿ ಮಹಾನಗರ ಪಾಲಿಕೆ ಹೆಣ್ಣುಮಕ್ಕಳ 'ಶೀ ಲಾಡ್ಜ್' ತೆರೆದಾಗ ಡಾರ್ಮಿಟರಿ ಹಾಸಿಗೆಗೆ ಇಟ್ಟ ದರ 100 ರೂಪಾಯಿ.

ನಮಗೂ ಇದು ಹೊಸದಲ್ಲ. ಊರೂರಿಂದ ಬಂದಿಳಿಯುವವರಿಗೆ ತಂಗಲು ಜಾಗ ಬೇಕು ಅಂತ ಗುಬ್ಬಿ ತೋಟದಪ್ಪನವರು ರೈಲು ನಿಲ್ದಾಣದ ಹತ್ತಿರ ಛತ್ರ ಕಟ್ಟಿಸಿದ್ದರು, 1903ರಲ್ಲಿ ಅದು ಉದ್ಘಾಟನೆಯಾಯ್ತು. ಒಬ್ಬ ವ್ಯಾಪಾರಿಗೆ ಅಂದೇ ಹೊಳೆದದ್ದು ಇವತ್ತಿನ ಸರ್ಕಾರಕ್ಕೆ ಹೊಳೆಯಬಾರದೇ?

ಮುಂದಿನ ಸಲ ನಿಮ್ಮ ಶಾಸಕರು ಸಿಕ್ಕಾಗ ಅವರ ರೂಮಿನ ಕೀ ಕೇಳಬೇಡಿ. ಮೆಜೆಸ್ಟಿಕ್‌ನಲ್ಲಿ ಜಾತಿ, ಪಕ್ಷ, ಜೊತೆಗೆ ಗಂಡಸರಿದ್ದಾರಾ ಅಂತ ಕೇಳದ ನೂರು ಹಾಸಿಗೆ ಕೇಳಿ. ನಾನೂ ಅದನ್ನೇ ಕೇಳ್ತಿದ್ದೀನಿ.