ಹಾಸುಪೀಠದ ಮೇಲಿನ ಒಂಬತ್ತು ಆಕೃತಿಗಳು

ಫ್ಲಾರೆನ್ಸ್ ನಗರದ ಉಫೀತ್ಸಿ ಸಂಗ್ರಹಾಲಯದಲ್ಲಿರುವ ‘ಪ್ರಿಮವೇರಾ’ ಚಿತ್ರವನ್ನು ಸಾಂಡ್ರೊ ಬೊಟಿಚೆಲ್ಲಿ 1480ರ ಆಸುಪಾಸಿನಲ್ಲಿ ರಚಿಸಿದನು. ಎರಡು ಮೀಟರ್ ಎತ್ತರ ಮತ್ತು ಮೂರು ಮೀಟರಿಗೂ ಮಿಕ್ಕ ಅಗಲವಿರುವ ಮರದ ಹಲಗೆಯ ಮೇಲೆ ಇದು ಟೆಂಪೆರಾದಲ್ಲಿ, ಎಂದರೆ ಬಣ್ಣದ ಪುಡಿಯನ್ನು ಮೊಟ್ಟೆಯ ಹಳದಿಯಲ್ಲಿ ಕಲಸಿ ಹಚ್ಚುವ ವಿಧಾನದಲ್ಲಿ, ರೂಪುಗೊಂಡಿದೆ. ಬಲತುದಿಯಲ್ಲಿ ನೀಲಿ ಮೈಯ ಗಾಳಿದೇವ ಜೆಫಿರ್ ಕ್ಲೋರಿಸ್ ಎಂಬ ವನಕನ್ಯೆಯನ್ನು ಹಿಡಿಯುತ್ತಾನೆ. ಅವಳ ಬಾಯಿಂದ ಹೊರಟ ಹೂಬಳ್ಳಿ ಪಕ್ಕದಲ್ಲಿ ಹೂ ಚೆಲ್ಲುತ್ತ ಬರುವ ಫ್ಲೋರಾಳ ಉಡುಗೆಯತ್ತ ಹಬ್ಬುತ್ತದೆ. ನಡುವೆ ವೀನಸ್, ಅವಳ ನೆತ್ತಿಯ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಕ್ಯುಪಿಡ್, ಎಡಕ್ಕೆ ಕೈಗೆ ಕೈ ಹೆಣೆದು ನರ್ತಿಸುವ ಮೂವರು ಲಾವಣ್ಯದೇವತೆಯರು, ಕೊನೆಯಲ್ಲಿ ಎಲ್ಲರಿಗೂ ಬೆನ್ನು ತಿರುಗಿಸಿ ದಂಡದಿಂದ ಮೋಡವನ್ನು ತಡವುತ್ತಿರುವ ಮರ್ಕ್ಯುರಿ.

ಈ ಒಂಬತ್ತು ಮಂದಿ ಒಂದೇ ಕಿತ್ತಳೆ ತೋಪಿನಲ್ಲಿ ಏಕೆ ಕೂಡಿದ್ದಾರೆಂಬುದನ್ನು ಯಾವ ಪುರಾಣವೂ ಹೇಳುವುದಿಲ್ಲ. ಬೊಟಿಚೆಲ್ಲಿಯೂ ಅದರ ಬಗ್ಗೆ ಬರೆದಿಟ್ಟ ಮಾತೊಂದೂ ಉಳಿದಿಲ್ಲ. ಚಿತ್ರದ ಹೆಸರು ಕೂಡ ಅವನು ಇಟ್ಟದ್ದಲ್ಲ. ಕಲಾವಿದರ ಜೀವನಚರಿತ್ರೆಗಳನ್ನು 1550ರಲ್ಲಿ ಪ್ರಕಟಿಸಿದ ಜಾರ್ಜೊ ವಸಾರಿ, ನಗರದ ಹೊರಗಿನ ಕಾಸ್ತೆಲ್ಲೊ ಎಂಬಲ್ಲಿದ್ದ ಮೆಡಿಚಿ ಮನೆತನದ ತೋಟದ ಬಂಗಲೆಯಲ್ಲಿ ಇದನ್ನು ‘ವೀನಸ್ಸಿನ ಜನನ’ ಚಿತ್ರದೊಂದಿಗೆ ಕಂಡು, ಇದು ವಸಂತವನ್ನು ಸೂಚಿಸುತ್ತದೆಂದು ಬರೆದನು. ಅವನ ಈ ಒಂದು ಪದದಿಂದ ಚಿತ್ರಕ್ಕೆ ಹೆಸರು ಬಂದಿತು. ಅವನು ಕಂಡ ಸ್ಥಳವೇ ಅದರ ಮೂಲಸ್ಥಳವೆಂಬ, ಎರಡೂ ಚಿತ್ರಗಳು ಜೋಡಿಯೆಂಬ ನಂಬಿಕೆಯೂ ಅಲ್ಲಿಂದಲೇ ಬೆಳೆಯಿತು. ಒಂದು ಹಲಗೆಯ ಮೇಲೆ, ಇನ್ನೊಂದು ಬಟ್ಟೆಯ ಮೇಲೆ ಇರುವುದು ಎಲ್ಲರ ಕಣ್ಣಿಗೂ ಬೀಳುವ ಸಂಗತಿಯಾದರೂ, ಆ ನಂಬಿಕೆ ಅದರಿಂದ ಬಹುಕಾಲ ಅಲುಗಲಿಲ್ಲ.

ಚಿತ್ರದ ಅರ್ಥವನ್ನು ಗ್ರಂಥಗಳಲ್ಲಿ ಹುಡುಕುವ ಕ್ರಮಬದ್ಧ ಪ್ರಯತ್ನ 1893ರಲ್ಲಿ ಪ್ರಕಟವಾದ ಅಬಿ ವಾರ್ಬುರ್ಗ್‌ನ ಪ್ರಬಂಧದಿಂದ ಮೊದಲಾಗುತ್ತದೆ. ಗಾಳಿದೇವನ ಸ್ಪರ್ಶದಿಂದ ಕ್ಲೋರಿಸ್ ಫ್ಲೋರಾಳಾಗುವ ಕಥೆ ರೋಮನ್ ಕವಿ ಓವಿಡ್‌ನಲ್ಲಿದೆಯೆಂದೂ, ಬೊಟಿಚೆಲ್ಲಿಯ ಸಮಕಾಲೀನನಾದ ಮೆಡಿಚಿ ಆಶ್ರಿತ ಕವಿ ಪೊಲಿಟ್ಸಿಯಾನೊನ ಕಾವ್ಯದಲ್ಲಿ ಇಂಥದೇ ವೀನಸ್ಸಿನ ನಾಡು ವರ್ಣಿತವಾಗಿದೆಯೆಂದೂ ವಾರ್ಬುರ್ಗ್ ತೋರಿಸಿದನು. ಆಕೃತಿ, ಲಾಂಛನ, ಭಂಗಿಗಳ ಅರ್ಥವನ್ನು ಲಿಖಿತ ಆಧಾರಗಳ ನೆರವಿನಿಂದ ಬಿಡಿಸುವ ಈ ಮಾರ್ಗ ಮುಂದೆ ಪ್ರತಿಮಾಶಾಸ್ತ್ರೀಯ ಅಧ್ಯಯನವೆಂದು ನೆಲೆಗೊಂಡಿತು. ಇದೇ ಮಾರ್ಗದಲ್ಲಿ ಇ. ಎಚ್. ಗೊಂಬ್ರಿಚ್ 1945ರಲ್ಲಿ ಒಂದು ಪತ್ರವನ್ನು ಮುಂದಿಟ್ಟನು. ಅದನ್ನು ಪ್ಲೇಟೋವಿನ ಅನುವಾದಕನಾದ ತತ್ತ್ವಜ್ಞಾನಿ ಮಾರ್ಸಿಲಿಯೊ ಫಿಚಿನೊ, ಕಾಸ್ತೆಲ್ಲೊ ಬಂಗಲೆಯ ಒಡೆಯನೂ ‘ವೈಭವಶಾಲಿ’ ಲೊರೆಂಜೊನ ದಾಯಾದಿಯೂ ಆದ ಬಾಲಕ ಲೊರೆಂಜೊ ದಿ ಪಿಯರ್‌ಫ್ರಾಂಚೆಸ್ಕೊ ಮೆಡಿಚಿಗೆ ಬರೆದಿದ್ದನು. ವೀನಸ್ಸಿನ ಮೇಲೆ ದೃಷ್ಟಿ ನೆಡಬೇಕು, ಏಕೆಂದರೆ ಅವಳು ಮಾನವೀಯ ಸಂಸ್ಕಾರದ ಮೂರ್ತಿ ಎಂಬುದು ಅದರ ಉಪದೇಶ. ಹೀಗೆ ಚಿತ್ರವು ಹುಡುಗನೊಬ್ಬನ ನೀತಿಪಾಠವಾಯಿತು. ವಿದ್ವತ್ತಿನ ದೃಷ್ಟಿಯಿಂದ ಇದು ಅಸಾಧಾರಣವಾದ ವಾದವೇ ಸರಿ. ಆದರೆ ಪತ್ರದಲ್ಲಿ ಚಿತ್ರದ ಪ್ರಸ್ತಾಪವೇ ಇಲ್ಲ, ಹೂವುಗಳೂ ಇಲ್ಲ.

ಈ ಚರ್ಚೆಯ ದಿಕ್ಕನ್ನು ಬದಲಿಸಿದ್ದು ಕಾವ್ಯವೂ ಅಲ್ಲ, ತತ್ತ್ವವೂ ಅಲ್ಲ, ಮನೆಸಾಮಾನಿನ ತಪಶೀಲು ಪಟ್ಟಿ. 1975ರಲ್ಲಿ ವೆಬ್‌ಸ್ಟರ್ ಸ್ಮಿತ್ ಮತ್ತು ಜಾನ್ ಶಿಯರ್‌ಮನ್ ಎಂಬ ಇಬ್ಬರು ವಿದ್ವಾಂಸರು, ಒಬ್ಬರನ್ನೊಬ್ಬರು ಅವಲಂಬಿಸದೆ, ಈ ಬಾಲಕ ಲೊರೆಂಜೊ ಸೇರಿದ್ದ ಕಿರಿಯ ಮೆಡಿಚಿ ಶಾಖೆಯ ಆಸ್ತಿಯ ಕುರಿತು 1498–99ರ ವೇಳೆಗೆ ಸಿದ್ಧವಾದ ಪಟ್ಟಿಯನ್ನು ಪ್ರಕಟಿಸಿದರು. ಅದರ ಪ್ರಕಾರ ಚಿತ್ರವಿದ್ದುದು ತೋಟದ ಬಂಗಲೆಯಲ್ಲಲ್ಲ, ಫ್ಲಾರೆನ್ಸಿನ ವಿಯಾ ಲಾರ್ಗಾ ಬೀದಿಯ ಮನೆಯಲ್ಲಿ, ನೆಲಮಹಡಿಯಲ್ಲಿ, ಲೊರೆಂಜೊನ ಮಲಗುವ ಕೋಣೆಗೆ ಹೊಂದಿಕೊಂಡ ಕೋಣೆಯಲ್ಲಿ. ಅದನ್ನು ‘ಲೆತ್ತುಚ್ಚೊ’ದ ಮೇಲೆ, ಎಂದರೆ ಎತ್ತರದ ಬೆನ್ನುಹಲಗೆಯಿದ್ದು ಹಗಲು ಹೊತ್ತು ಒರಗಲು ಬಳಸುತ್ತಿದ್ದ ಮರದ ಹಾಸುಪೀಠದ ಮೇಲೆ, ಗೋಡೆಗೆ ಕೂಡಿಸಲಾಗಿತ್ತು. ಅದೇ ಕೋಣೆಯಲ್ಲಿ ಬೊಟಿಚೆಲ್ಲಿಯ ಇನ್ನೊಂದು ಚಿತ್ರವೂ ಇತ್ತು. ಇಂದು ‘ಪಲ್ಲಾಸ್ ಮತ್ತು ಸೆಂಟಾರ್’ ಎನಿಸಿಕೊಳ್ಳುವ ಅದರಲ್ಲಿನ ಸ್ತ್ರೀಯನ್ನು ಪಟ್ಟಿಯು ಕ್ಯಾಮಿಲ್ಲಾ ಎಂದು ಕರೆದಿದೆ. ‘ವೀನಸ್ಸಿನ ಜನನ’ದ ಸುಳಿವೇ ಇಲ್ಲ.

ಇದರಿಂದ ಮಾಲಿಕ ಲೊರೆಂಜೊ ದಿ ಪಿಯರ್‌ಫ್ರಾಂಚೆಸ್ಕೊ ಎಂಬ ಊಹೆಗೆ ಬಲ ಬಂದರೂ ಜೋಡಿಚಿತ್ರದ ಕಲ್ಪನೆ ಕುಸಿಯಿತು. ಲೊರೆಂಜೊ 1482ರಲ್ಲಿ ಸೆಮಿರಾಮಿಡೆ ಅಪ್ಪಿಯಾನಿಯನ್ನು ವಿವಾಹವಾದನಾದ್ದರಿಂದ, ಇದು ಆ ಮದುವೆಗೆಂದು ಬರೆಸಿದ್ದೆಂಬ ವಾದಕ್ಕೂ ಹೊಸ ಜೀವ ಬಂದಿತು. ಆ ಕಾಲದ ಶ್ರೀಮಂತರು ಮದುವೆಯ ಸಂದರ್ಭದಲ್ಲಿ ಕೋಣೆಯನ್ನು ಹೊಸ ಪೀಠೋಪಕರಣ ಮತ್ತು ಚಿತ್ರಗಳಿಂದ ಅಣಿಗೊಳಿಸುವುದು ರೂಢಿಯಾಗಿತ್ತು; ಕ್ಲೋರಿಸ್ ಹೆಂಡತಿಯಾಗಿ ಹೂಗಳ ಒಡತಿಯಾಗುವ ಕಥೆ ಅಂಥ ಕೋಣೆಗೆ ಒಪ್ಪುವಂಥದೇ. ಆದರೂ ಬಲವಂತದಿಂದ ಹಿಡಿಯಲ್ಪಟ್ಟ ಹೆಣ್ಣಿನ ಹೆದರಿದ ನೋಟವನ್ನು ಕೇವಲ ಮಂಗಳಸೂಚಕವೆಂದು ಓದುವುದು ಚಿತ್ರಕ್ಕಿಂತ ಹೆಚ್ಚಾಗಿ ವಾದಕ್ಕೆ ನಿಷ್ಠವಾಗಿರುವುದೆಂದು ತೋರುತ್ತದೆ. ಫಿಚಿನೊನ ಪತ್ರವನ್ನಾಗಲಿ ಓವಿಡ್‌ನನ್ನಾಗಲಿ ಪಟ್ಟಿ ಅಲ್ಲಗಳೆಯುವುದಿಲ್ಲ. ಅವುಗಳನ್ನು ಓದಿದ್ದಿರಬಹುದಾದ ಮನುಷ್ಯನು ಎಲ್ಲಿ ಕುಳಿತು ಚಿತ್ರದ ಒಡನಾಟದಲ್ಲಿದ್ದನೆಂಬುದನ್ನಷ್ಟೇ ತಿಳಿಸುತ್ತದೆ.

ಪಟ್ಟಿ ಬರೆದ ಗುಮಾಸ್ತನು ವೀನಸ್ಸಿನ ಹೆಸರನ್ನೂ ಎತ್ತದೆ, ವಸಂತವನ್ನೂ ನೆನೆಯದೆ, ಹೆಂಗಸರು ಗಂಡಸರ ಒಂಬತ್ತು ಆಕೃತಿಗಳಿರುವ ಹಲಗೆ ಎಂದು ಎಣಿಸಿ, ನೂರು ಲೀರಾ ಬೆಲೆ ಕಟ್ಟಿ ಮುಂದಿನ ವಸ್ತುವಿಗೆ ಹೋಗಿದ್ದಾನೆ. ಅವನ ಆ ಸಾಲು ಚಿತ್ರದ ಒಂದು ವೈಚಿತ್ರ್ಯವನ್ನೂ ತಿಳಿಗೊಳಿಸುತ್ತದೆ. ಚಿತ್ರದಲ್ಲಿನ ಹುಲ್ಲುನೆಲ ಹಿಂದಕ್ಕೆ ಸರಿಯುವ ಬದಲು ಮೇಲಕ್ಕೆ ಎದ್ದು ಬಂದಂತಿದೆಯೆಂದು ಸಂಗ್ರಹಾಲಯದಲ್ಲಿ ನೇರ ಎದುರು ನಿಂತವರಿಗೆ ಅನಿಸುವುದುಂಟು. ಹಾಸುಪೀಠದ ಬೆನ್ನುಹಲಗೆಗಿಂತ ಮೇಲಿದ್ದ ಚಿತ್ರವನ್ನು ಕೆಳಗಿನಿಂದ ತಲೆಯೆತ್ತಿ ನೋಡುವವನಿಗೆ, ನೂರಕ್ಕೂ ಹೆಚ್ಚು ಬಗೆಯ ಗಿಡಗಳನ್ನು ಗುರುತಿಸಬಹುದಾದ ಆ ನೆಲವು ಹಾಗೆ ಏರಿ ನಿಂತರೆ ಮಾತ್ರ ಕಾಣುವಂತಿತ್ತು.