ಬಳ್ಳಾರಿ ರಸ್ತೆಯ ಕಾರ್ಡು, ಕೋಗಿಲಿನ ಮೊಬೈಲು

ಬಳ್ಳಾರಿ ರಸ್ತೆ ಅಂದ ಕೂಡಲೇ ಬೆಂಗಳೂರಿನವರಿಗೆ ಈಗ ನೆನಪಾಗುವುದು ವಿಮಾನ ನಿಲ್ದಾಣ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನಗಳು ಇಳಿಯತೊಡಗಿದ ಮೇಲೆ ಈ ರಸ್ತೆಗೆ ಬೇರೆ ಗುರುತೇ ಉಳಿಯಲಿಲ್ಲ ಅನ್ನಿ. ಆದರೆ ಇದೇ ರಸ್ತೆಯಲ್ಲಿ, ಮೇಖ್ರಿ ಸರ್ಕಲ್ ಸಿಗುವ ಮೊದಲೇ, ಅವಲಾನ್ ಎಂಬ ಹಳೆಯ ಬಂಗಲೆಯೊಂದಿದೆ. ಅಲ್ಲಿರುವುದು ರಾಷ್ಟ್ರೀಯ ಕ್ಷಯರೋಗ ಸಂಸ್ಥೆ. 1959ರ ಸೆಪ್ಟೆಂಬರ್ 16ರಂದು ನೆಹರೂ ಬಂದು ಉದ್ಘಾಟಿಸಿದ ಸಂಸ್ಥೆ. ಅಲ್ಲಿಂದ ಹೆಬ್ಬಾಳ, ಜಕ್ಕೂರು ದಾಟಿ, ಯಲಹಂಕಕ್ಕೆ ಮುಂಚೆ ಸಿಗುವ ಕೋಗಿಲು ಕ್ರಾಸಿನಲ್ಲಿ ಬಲಕ್ಕೆ ತಿರುಗಿದರೆ ನಮ್ಮ ಕೋಗಿಲು.

ಈ ಎರಡನ್ನೂ ಒಟ್ಟಿಗೆ ಹೇಳುವುದಕ್ಕೆ ಕಾರಣವಿದೆ. ಕೋಗಿಲಿನಂಥ ಕಡೆ ಇವತ್ತು ಬಾಗಿಲು ತಟ್ಟುವ ಆಶಾ ಕಾರ್ಯಕರ್ತೆಯ ಚೀಲದಲ್ಲಿ ನೋಟ್‌ಬುಕ್ಕಿನ ಜೊತೆ ಮೊಬೈಲೂ ಇರುತ್ತದೆ. ಆ ಆ್ಯಪ್, ಈ ಪೋರ್ಟಲ್, ಇನ್ನೊಂದು ಸಮೀಕ್ಷೆ. ಎಲ್ಲದಕ್ಕೂ ಒಂದೊಂದು ತರಬೇತಿ. ಇದೆಲ್ಲ ಹೊಸ ವಿಷಯ ಎಂದು ಪತ್ರಿಕೆಗಳು ಬರೆಯುತ್ತವೆ. ಆದರೆ ಮನೆಮನೆಗೆ ಹೋಗುವವರ ಕೈಗೆ ಹೊಸ ಉಪಕರಣ ಕೊಡುವಾಗ ಏನನ್ನು ಕಲಿಸಬೇಕು ಎಂಬ ಪ್ರಶ್ನೆಯನ್ನು ಆ ಬಂಗಲೆಯಲ್ಲಿ ಅರವತ್ತು ವರ್ಷಗಳ ಹಿಂದೆಯೇ ಕೇಳಿದ್ದರು. ಉತ್ತರವನ್ನೂ ಸ್ವಲ್ಪಮಟ್ಟಿಗೆ ಕಂಡುಕೊಂಡಿದ್ದರು. ನಾವು ಅದನ್ನು ಅರ್ಧ ಮರೆತಿದ್ದೇವೆ ಅನ್ನುವುದು ನನ್ನ ಅನಿಸಿಕೆ.

ಮೊದಲು ಹಳೆಯ ಕಥೆ.

ಆ ಕಾಲದ ದೊಡ್ಡ ತಂತ್ರಜ್ಞಾನ ಅಂದರೆ ಎಕ್ಸ್-ರೇ ವ್ಯಾನು. ಊರೂರಿಗೆ ವ್ಯಾನು ಒಯ್ದು ಎಲ್ಲರ ಎದೆಯ ಸಣ್ಣ ಚಿತ್ರ ತೆಗೆದರೆ ಕ್ಷಯ ಇರುವವರೆಲ್ಲ ಸಿಗುತ್ತಾರೆ ಎಂಬ ನಂಬಿಕೆ ಇತ್ತು. 1955ರಿಂದ 58ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕ್ಷಯ ಪಟ್ಟಣಗಳಲ್ಲಿರುವಷ್ಟೇ ಹಳ್ಳಿಗಳಲ್ಲೂ ಇದೆ ಎಂದು ಗೊತ್ತಾಗಿತ್ತು. ಅಷ್ಟೊಂದು ಹಳ್ಳಿಗಳಿಗೆ ವ್ಯಾನು ಕಳಿಸುವುದು ಆಗುವ ಮಾತೇ? ಬೆಂಗಳೂರಿನ ಈ ಸಂಸ್ಥೆಯವರು 1960-61ರಲ್ಲಿ ತುಮಕೂರು ಜಿಲ್ಲೆಯಲ್ಲಿ ಸಮೀಕ್ಷೆ ಮಾಡಿದರು. ಆಗ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಇಬ್ಬರು ಯಂತ್ರ ಕೇಳದ ಪ್ರಶ್ನೆಯೊಂದನ್ನು ಕೇಳಿದರು. ರೋಗ ಇದೆ ಎಂದು ಕಂಡವರ ಮನೆಗೇ ಹೋಗಿ, "ನಿಮಗೇನಾದರೂ ತೊಂದರೆ ಇತ್ತಾ? ಅದಕ್ಕೆ ಏನು ಮಾಡಿದಿರಿ?" ಎಂದು ವಿಚಾರಿಸಿದರು.

ಸಿಕ್ಕ ಉತ್ತರ ಎಲ್ಲರನ್ನೂ ಬೆಚ್ಚಿಬೀಳಿಸುವಂಥದ್ದು. ಹಳ್ಳಿಯವರಿಗೆ ಕಾಯಿಲೆಯ ಅರಿವೇ ಇಲ್ಲ ಎಂದು ತಿಳಿದಿದ್ದು ಸುಳ್ಳಾಗಿತ್ತು. ಬಹುಪಾಲು ರೋಗಿಗಳಿಗೆ ಕೆಮ್ಮು, ಜ್ವರ ಕಾಡುತ್ತಿರುವುದು ಚೆನ್ನಾಗಿಯೇ ಗೊತ್ತಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೋ ಆರೋಗ್ಯ ಕೇಂದ್ರಕ್ಕೋ ಹೋಗಿ ಬಂದಿದ್ದರು. ಅಲ್ಲಿ ಅವರ ಕಫ ಪರೀಕ್ಷೆ ಮಾಡದೆ ಕೆಮ್ಮಿನ ಔಷಧಿ ಕೊಟ್ಟು ಕಳಿಸಿದ್ದರು! ಅಂದರೆ ರೋಗಿಯನ್ನು ಹುಡುಕಿಕೊಂಡು ವ್ಯಾನು ಹೋಗುವ ಮೊದಲೇ ರೋಗಿ ನಮ್ಮ ಬಾಗಿಲಿಗೆ ಬಂದು ಹೋಗಿದ್ದ. 1963ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಸಾರ್ವಜನಿಕ ಆರೋಗ್ಯದವರು ಇವತ್ತಿಗೂ ನೆನೆಯುತ್ತಾರೆ.

ಇದರ ಜೊತೆಗೇ ಮದ್ರಾಸಿನ ಸಂಶೋಧನೆಯೊಂದು 1959ರಲ್ಲಿ ಇನ್ನೊಂದು ಮಾತು ಹೇಳಿತ್ತು. ಸ್ಯಾನಟೋರಿಯಂನಲ್ಲಿ ಮಲಗಿಸಿ ಕೊಡುವ ಚಿಕಿತ್ಸೆಯಷ್ಟೇ ಗುಣ ಮನೆಯಲ್ಲಿದ್ದು ಮಾತ್ರೆ ತೆಗೆದುಕೊಂಡರೂ ಸಿಗುತ್ತದೆ ಅಂತ. ಎರಡನ್ನೂ ಸೇರಿಸಿದರೆ ದಾರಿ ಸ್ಪಷ್ಟ. ಕೆಮ್ಮೆಂದು ಬಂದವರ ಕಫವನ್ನು ಹತ್ತಿರದ ಕೇಂದ್ರದಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡಿ, ಮಾತ್ರೆ ಕೊಟ್ಟು ಮನೆಗೆ ಕಳಿಸಿ, ಮತ್ತೆ ಬರುವಂತೆ ನೋಡಿಕೊಳ್ಳುವುದು. 1962ರ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮ ಹುಟ್ಟಿದ್ದು ಹೀಗೆ. ಜಿಲ್ಲೆಗೊಂದು ತಂಡ. ವೈದ್ಯರು, ಲ್ಯಾಬ್ ತಂತ್ರಜ್ಞ, ಎಕ್ಸ್-ರೇ ತಂತ್ರಜ್ಞ, ಚಿಕಿತ್ಸೆಯ ಮೇಲ್ವಿಚಾರಕ, ಬಿಸಿಜಿ ತಂಡದ ಮುಖ್ಯಸ್ಥ, ಜೊತೆಗೆ ಲೆಕ್ಕ ಇಡಲು ಒಬ್ಬ ಅಂಕಿಅಂಶ ಸಹಾಯಕ. ಇವರೆಲ್ಲರಿಗೂ ತರಬೇತಿ ಇದೇ ಬಳ್ಳಾರಿ ರಸ್ತೆಯಲ್ಲಿ. ಆಗ ಇಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ದುಡಿದ ಹಾಫ್‌ಡನ್ ಮಾಹ್ಲರ್ 1973ರಲ್ಲಿ ಆ ಸಂಸ್ಥೆಯ ಮಹಾನಿರ್ದೇಶಕರೇ ಆದರು. 1978ರಲ್ಲಿ ಆಲ್ಮಾ-ಆಟಾದಲ್ಲಿ "ಎಲ್ಲರಿಗೂ ಆರೋಗ್ಯ" ಎಂಬ ಮಾತು ಮೊಳಗಿದಾಗ ಮುಂಚೂಣಿಯಲ್ಲಿದ್ದವರು ಅವರು.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಚಿಕಿತ್ಸಾ ಕಾರ್ಡು. ಒಬ್ಬ ರೋಗಿಗೆ ಒಂದು ಕಾರ್ಡು. ಮುಂದೆ ಯಾವತ್ತು ಬರಬೇಕೋ ಆ ತಾರೀಖಿನ ಪ್ರಕಾರ ಜೋಡಿಸಿ ಇಡುವುದು. ರೋಗಿ ಬಂದರೆ ಕಾರ್ಡು ಮುಂದಿನ ತಾರೀಖಿಗೆ ಹೋಗುತ್ತದೆ. ಬರದಿದ್ದರೆ ಅಲ್ಲೇ ಕೂತಿರುತ್ತದೆ. ಸಂಜೆ ಉಳಿದ ಕಾರ್ಡುಗಳೇ ತಪ್ಪಿಸಿಕೊಂಡವರ ಪಟ್ಟಿ. ಮೊದಲು ಅವರಿಗೊಂದು ಕಾಗದ, ಅದಕ್ಕೂ ಬರದಿದ್ದರೆ ಮನೆ ಭೇಟಿ. ಕರೆಂಟಿಲ್ಲ, ಪಾಸ್‌ವರ್ಡಿಲ್ಲ. ಮಾಹಿತಿಯನ್ನು ಬರೆದವನಿಗೇ ಅದು ಮೊದಲು ಉಪಯೋಗಕ್ಕೆ ಬರುತ್ತಿತ್ತು. ನಾಳೆ ಯಾರ ಮನೆಗೆ ಹೋಗಬೇಕು ಎಂದು ಕಾರ್ಡೇ ಹೇಳುತ್ತಿತ್ತು.

ಹಾಗಂತ ಹಳೆಯದೆಲ್ಲ ಚಿನ್ನ ಎಂದು ಹೇಳಲು ಹೊರಟಿಲ್ಲ. 1992ರಲ್ಲಿ ಈ ಕಾರ್ಯಕ್ರಮವನ್ನು ಪರಿಶೀಲಿಸಿದಾಗ ಅರ್ಧದಷ್ಟು ರೋಗಿಗಳೂ ಚಿಕಿತ್ಸೆ ಮುಗಿಸುತ್ತಿಲ್ಲ ಎಂದು ತಿಳಿಯಿತು. ಔಷಧಿಗೆ ದುಡ್ಡು ಸಾಲದೆ, ಹುಡುಕಿಕೊಂಡು ಹೋಗಲು ಜನ ಸಾಲದೆ ಹೋದರೆ ಕಾರ್ಡು ತಾನೇ ಎದ್ದು ಮನೆ ಭೇಟಿ ಮಾಡುವುದಿಲ್ಲವಲ್ಲ! 1997ರಿಂದ ಪರಿಷ್ಕೃತ ಕಾರ್ಯಕ್ರಮ ಬಂತು, ಇನ್ನೊಬ್ಬರ ಕಣ್ಣೆದುರೇ ಮಾತ್ರೆ ನುಂಗಬೇಕೆಂಬ ಡಾಟ್ಸ್ ಬಂತು. 2012ರಲ್ಲಿ ಕಾರ್ಡಿನ ಜಾಗಕ್ಕೆ ನಿಕ್ಷಯ್ ಎಂಬ ಪೋರ್ಟಲ್ ಬಂತು. ಅದಾದ ಮೇಲೆ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ 99ಡಾಟ್ಸ್ ಎಂಬ ಜಾಣ ಉಪಾಯ ಹೊಳೆಯಿತು. ಮಾತ್ರೆ ಬಿಡಿಸಿದಾಗ ಹಿಂದೆ ಅಡಗಿದ್ದ ಫೋನ್ ನಂಬರ್ ಕಾಣುತ್ತದೆ. ರೋಗಿ ಆ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಟ್ಟರೆ ಮಾತ್ರೆ ನುಂಗಿದ ಲೆಕ್ಕ. ಕಾರ್ಯಕರ್ತೆಯ ಮೊಬೈಲಿನಲ್ಲಿ ಯಾರು ಕರೆ ಮಾಡಿಲ್ಲ ಎಂಬುದು ಕಾಣುತ್ತದೆ.

ಒಳ್ಳೆಯದೇ. ಆದರೆ ಚೆನ್ನೈ, ವೆಲ್ಲೂರು, ಮುಂಬೈಗಳಲ್ಲಿ ರೋಗಿಗಳ ಮೂತ್ರ ಪರೀಕ್ಷೆ ಮಾಡಿ ಹೋಲಿಸಿ ನೋಡಿದಾಗ, ಕರೆ ಮಾಡದವರಲ್ಲಿ ಎಷ್ಟೋ ಜನ ಮಾತ್ರೆ ನುಂಗಿದ್ದರು, ಕರೆ ಮಾಡಿದವರಲ್ಲಿ ಕೆಲವರು ನುಂಗಿರಲಿಲ್ಲ. ಫೋನಿಗೆ ಕಾಣುವುದು ಕರೆ ಮಾತ್ರ, ಮಾತ್ರೆ ಅಲ್ಲ. ಹೀಗಾಗಿ ಕಾರ್ಯಕರ್ತೆಗೆ ಕಲಿಸಬೇಕಾದದ್ದು ಪರದೆ ನೋಡುವುದನ್ನಷ್ಟೇ ಅಲ್ಲ, ಪರದೆಯನ್ನು ಎಷ್ಟು ನಂಬಬೇಕು ಎಂಬುದನ್ನೂ. ತುಮಕೂರಿನಲ್ಲಿ ಮಾಡಿದಂತೆ ಬಾಗಿಲಿಗೆ ಹೋಗಿ ಕೇಳುವ ಕೆಲಸ ಉಳಿದೇ ಇರುತ್ತದೆ.

ಈಗ ಕೋಗಿಲಿಗೆ ಬರೋಣ.

ಆಶಾ ಎಂಬ ಹೆಸರು ನಮ್ಮ ಕಿವಿಗೆ ಬಿದ್ದದ್ದು 2005ರ ಏಪ್ರಿಲ್ 12ರಂದು ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನದಿಂದ. ಹಳ್ಳಿಯಲ್ಲಿ ಸಾವಿರ ಜನರಿಗೊಬ್ಬರು. 2013ರಲ್ಲಿ ನಗರಕ್ಕೂ ಅಭಿಯಾನ ಬಂದಾಗ 200ರಿಂದ 500 ಮನೆಗಳಿಗೊಬ್ಬರು ಎಂದಾಯಿತು. ಕೋಗಿಲಿನಂಥ ಜಾಗದಲ್ಲಿ 500 ಮನೆ ಅಂದರೆ ಏನು ಅಂತ ಯೋಚಿಸಿ. ಹಳೆಯ ಊರು, ಕೆರೆ, ಅದರ ಸುತ್ತ ಲೇಔಟುಗಳು, ಗೇಟಿನಲ್ಲೇ ತಡೆಯುವ ಅಪಾರ್ಟ್‌ಮೆಂಟುಗಳು, ಕಟ್ಟಡ ಕೆಲಸಕ್ಕೆ ಬಂದವರ ಶೀಟಿನ ಮನೆಗಳು. ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ಉರ್ದು, ತಮಿಳು, ಹಿಂದಿ. ಇವತ್ತು ಇದ್ದ ಸಂಸಾರ ಮುಂದಿನ ತಿಂಗಳು ಇರುತ್ತದೆ ಎಂಬ ಖಾತ್ರಿ ಇಲ್ಲ.

ಇಲ್ಲಿ ಡಿಜಿಟಲ್ ದಾಖಲೆಯಿಂದ ನಿಜವಾಗಿಯೂ ಉಪಯೋಗವಿದೆ. ನಮ್ಮಲ್ಲಿ ಚೊಚ್ಚಲ ಬಾಣಂತನ ತವರಿನಲ್ಲೇ ತಾನೇ? ಯಲಹಂಕದಲ್ಲಿ ತಾಯಿ ಕಾರ್ಡ್ ಮಾಡಿಸಿದ ಹೆಣ್ಣುಮಗಳು ಏಳು ತಿಂಗಳಾಗುತ್ತಲೇ ಯಾದಗಿರಿಗೋ ಚಿಂತಾಮಣಿಗೋ ಹೊರಟುಬಿಡುತ್ತಾಳೆ. ಇಲ್ಲಿನ ಪುಸ್ತಕದಲ್ಲಿ ಅವಳು ಮಾಯ, ಅಲ್ಲಿನವರಿಗೆ ಅವಳ ರಕ್ತಹೀನತೆಯ ವಿಷಯ ಗೊತ್ತಿಲ್ಲ. 2009ರ ಕೊನೆಗೆ ಶುರುವಾದ ತಾಯಿ-ಮಗುವಿನ ಜಾಡು ಹಿಡಿಯುವ ವ್ಯವಸ್ಥೆ, ಆಮೇಲೆ ಬಂದ ಆರ್‌ಸಿಎಚ್ ಪೋರ್ಟಲ್, ಅದರ 12 ಅಂಕಿಗಳ ನಂಬರು, ಇವೆಲ್ಲ ಇದೇ ತೊಂದರೆಗೆ ಪರಿಹಾರವಾಗಿ ಬಂದವು. ಹಳೆಯ ಕಾರ್ಡು ಒಂದೇ ಪೆಟ್ಟಿಗೆಯಲ್ಲಿ ಕೂತಿರುತ್ತಿತ್ತು, ಈ ನಂಬರು ಅವಳ ಜೊತೆ ತವರಿಗೂ ಹೋಗಬಲ್ಲದು.

ಹಾಗಾದರೆ ಎಡವಿದ್ದೆಲ್ಲಿ? ಕಾರ್ಯಕರ್ತೆಯ ಪ್ರೋತ್ಸಾಹಧನವನ್ನೂ ಇದೇ ಪೋರ್ಟಲಿಗೆ ಕಟ್ಟಿಹಾಕಿದಲ್ಲಿ. ಅವಳು ಮನೆಗೆ ಹೋದದ್ದು, ಗರ್ಭಿಣಿಯನ್ನು ಆಸ್ಪತ್ರೆಗೆ ಕರೆದೊಯ್ದದ್ದು ಸತ್ಯ. ಆದರೆ ಕಂಪ್ಯೂಟರಿಗೆ ಏರಿಸಬೇಕಾದವರು ಬೇರೆ. ಏರಿಸದಿದ್ದರೆ, ಸರ್ವರ್ ಕೈಕೊಟ್ಟರೆ ದುಡ್ಡು ಹೋಗುವುದು ಅವಳದ್ದು. 2020ರ ಜನವರಿಯಲ್ಲಿ ಬೆಂಗಳೂರಿಗೆ ಬಂದು ಸೇರಿದ ಸಾವಿರಾರು ಆಶಾಗಳ ಬೇಡಿಕೆಗಳಲ್ಲಿ ಈ ಜೋಡಣೆ ತೆಗೆಯಿರಿ ಎಂಬುದೂ ಒಂದು. ಅವಳಿಗೆ ದಾರಿ ತೋರಿಸಬೇಕಿದ್ದ ದಾಖಲೆ ಅವಳ ಹಾಜರಿ ಪುಸ್ತಕವಾಯಿತು.

ಅದೇ ವರ್ಷ ಕೊರೊನಾ ಬಂತು. ಏಪ್ರಿಲ್‌ನಲ್ಲಿ ಕೋಗಿಲಿಗೆ ದೂರವೇನಲ್ಲದ ಹೆಗಡೆ ನಗರದ ಕಡೆ, ಮಾಹಿತಿ ಸಂಗ್ರಹಕ್ಕೆ ಹೋದ ಆಶಾಗಳ ಮೇಲೆ ಹಲ್ಲೆ ನಡೆಯಿತು. "ಈ ಹೆಸರು, ನಂಬರು ಎಲ್ಲ ಯಾಕೆ ಬರೆದುಕೊಳ್ಳುತ್ತಿದ್ದೀರಿ, ಯಾರಿಗೆ ಕೊಡುತ್ತೀರಿ?" ಎಂಬ ಅನುಮಾನ ಯಾರಿಗಾದರೂ ಬಂದರೆ ಎದುರು ನಿಲ್ಲುವವಳು ಅವಳೇ. ಆ್ಯಪ್ ಮಾಡಿದವರು ಅಲ್ಲಿರುವುದಿಲ್ಲ. ಆದರೂ ಆ ಬೇಸಿಗೆಯಲ್ಲಿ ಕರ್ನಾಟಕದ ಸುಮಾರು 42,000 ಆಶಾಗಳು 1.59 ಕೋಟಿ ಮನೆಗಳ ಸಮೀಕ್ಷೆಯಲ್ಲಿ ಕೆಲಸ ಮಾಡಿದರು. ಕೇಂದ್ರ ಸರ್ಕಾರವೇ ಹೊಗಳಿತು. ಜುಲೈ 10ರಿಂದ ಅದೇ ಆಶಾಗಳು ತಿಂಗಳಿಗೆ 12,000 ರೂಪಾಯಿ ಕೊಡಿ ಎಂದು ಕೆಲಸ ನಿಲ್ಲಿಸಿದರು. 2025ರ ಜನವರಿಯಲ್ಲಿ ಮತ್ತೆ ಫ್ರೀಡಂ ಪಾರ್ಕಿನಲ್ಲಿ ನಾಲ್ಕು ದಿನ ಚಳಿಯಲ್ಲಿ ಕೂತರು. ಏಪ್ರಿಲ್‌ನಿಂದ ಕನಿಷ್ಠ 10,000 ರೂಪಾಯಿ ಎಂಬ ಭರವಸೆ ಸಿಕ್ಕ ಮೇಲೆ ಎದ್ದರು.

ತರಬೇತಿಯ ಮಾತಿನಲ್ಲಿ ಸಂಬಳದ ಮಾತು ಯಾಕೆ ಅಂತೀರಾ? ದಾಖಲೆ ತಪ್ಪಾದರೆ ದುಡ್ಡು ಕಡಿತ ಎಂದಿರುವ ಕಡೆ ಯಾರೂ ಕಲಿಯುವುದಿಲ್ಲ, ತುಂಬುತ್ತಾರೆ ಅಷ್ಟೆ. "ಮನೆ ಬೀಗ ಹಾಕಿತ್ತು", "ಅವರು ಒಪ್ಪಲಿಲ್ಲ" ಎಂದು ನಿಜ ಬರೆಯಲು ಧೈರ್ಯ ಬೇಕಲ್ಲ.

ಚೆನ್ನಾಗಿ ಕಲಿಸಿದ ಉದಾಹರಣೆಯೂ ನಮ್ಮ ಪಕ್ಕದಲ್ಲೇ ಇದೆ. ನಿಮ್ಹಾನ್ಸ್‌ನವರು ಆಗಿನ ರಾಮನಗರ ಜಿಲ್ಲೆಯ ಆಶಾಗಳಿಗೆ ಮಾನಸಿಕ ಆರೋಗ್ಯದ ಬಗ್ಗೆ ಎರಡು ರೀತಿಯಲ್ಲಿ ತರಬೇತಿ ಕೊಟ್ಟು ಹೋಲಿಸಿದರು. ಒಂದು ಗುಂಪಿಗೆ ಒಂದು ದಿನದ ಪಾಠ, ಅಲ್ಲಿಗೆ ಮುಗಿಯಿತು. ಇನ್ನೊಂದು ಗುಂಪಿಗೆ ಅದೇ ಪಾಠದ ಜೊತೆ ಮುಂದೆಯೂ ಆನ್‌ಲೈನಿನಲ್ಲಿ ತಜ್ಞರೊಡನೆ ಮಾತುಕತೆ. 2023ರ ಹೊತ್ತಿಗೆ ಪ್ರಕಟವಾದ ಫಲಿತಾಂಶದಲ್ಲಿ ಎರಡನೆಯ ಗುಂಪಿನ ತಿಳಿವಳಿಕೆ ಹೆಚ್ಚಿದ್ದು ಕಂಡಿತು. ಇಲ್ಲಿ ಮೊಬೈಲು ಇದ್ದದ್ದು ಅವಳಿಂದ ಲೆಕ್ಕ ಕೇಳುವುದಕ್ಕಲ್ಲ, ಅವಳು ಪ್ರಶ್ನೆ ಕೇಳುವುದಕ್ಕೆ.

ಬಳ್ಳಾರಿ ರಸ್ತೆಯ ಕಾರ್ಡಿನಿಂದ ಕೋಗಿಲಿನ ಮೊಬೈಲಿನವರೆಗೆ ನೋಡಿದರೆ, ಹೊಸ ಆ್ಯಪ್ ಬಂದಾಗಲೆಲ್ಲ ತರಬೇತಿ ಕೊಡುವವರನ್ನು ಮೂರು ಪ್ರಶ್ನೆ ಕೇಳಬೇಕು ಅನ್ನಿಸುತ್ತದೆ. ಇದರಿಂದ ನಾಳೆ ಯಾರ ಮನೆಗೆ ಹೋಗಬೇಕೆಂದು ಅವಳಿಗೆ ಗೊತ್ತಾಗುತ್ತದೆಯೇ? ಪರದೆ ಒಂದು ಹೇಳಿ, ಕಣ್ಣಿಗೆ ಇನ್ನೊಂದು ಕಂಡರೆ ಅದನ್ನು ಬರೆಯಲು ಜಾಗವಿದೆಯೇ? "ಈ ಮಾಹಿತಿ ಯಾಕೆ?" ಎಂದು ಬಾಗಿಲಲ್ಲಿ ಕೇಳಿದರೆ ಅವಳು ಹೇಳಬಹುದಾದ ನಿಜವಾದ ಉತ್ತರವನ್ನು ಕಲಿಸಿದ್ದೀರಾ?

ನಿಮ್ಮ ಬೀದಿಗೆ ಬರುವ ಆಶಾ ಅಕ್ಕನನ್ನು ಈ ಸಲ ಒಂದು ಲೋಟ ನೀರು ಕೊಟ್ಟು ಕೂರಿಸಿ ಕೇಳಿ ನೋಡಿ. ಅವರು ಏನಂದರು ಅಂತ ತಿಳಿಯುವ ಕುತೂಹಲ ನನಗಿದೆ.