ಬಾಗಲಕೋಟೆ ಜಿಲ್ಲೆಯಲ್ಲಿ ಸ್ವಲೀನತೆ: ಆರೈಕೆ ಮತ್ತು ಸಾಮಾಜಿಕ ದೃಷ್ಟಿ

ಸ್ವಲೀನತೆ (ಆಟಿಸಂ) ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ, ಬಾಲ್ಯದಲ್ಲೇ ಕಾಣಿಸಿಕೊಂಡು ಜೀವನಪರ್ಯಂತ ಉಳಿಯುವ ಒಂದು ಸ್ಥಿತಿ. ಮಾತು, ಸಾಮಾಜಿಕ ಒಡನಾಟ, ಪುನರಾವರ್ತಿತ ವರ್ತನೆ, ಶಬ್ದ-ಸ್ಪರ್ಶಗಳಿಗೆ ತೋರುವ ಅಸಾಮಾನ್ಯ ಪ್ರತಿಕ್ರಿಯೆ ಇದರ ಮುಖ್ಯ ಲಕ್ಷಣಗಳು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ಸುಮಾರು 127 ಜನರಲ್ಲಿ ಒಬ್ಬರಿಗೆ ಸ್ವಲೀನತೆ ಇತ್ತು. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲೂಕುಗಳಲ್ಲಿ ಈ ಸ್ಥಿತಿಯನ್ನು ಬಹುಕಾಲ ಅದರ ಹೆಸರಿನಿಂದಲ್ಲ, 'ಮಾತು ಬಾರದ ಮಗು' ಎಂಬ ಒಂದೇ ಲಕ್ಷಣದಿಂದ ಗುರುತಿಸಲಾಗಿದೆ. ಆರೈಕೆ ತಡವಾಗಿ ಆರಂಭವಾಗಲು ಇದು ಮುಖ್ಯ ಕಾರಣ.

ಹೆಸರು

'ಆಟಿಸಂ' ಪದದ ಮೂಲ 'ಸ್ವಯಂ' ಎಂಬರ್ಥದ ಗ್ರೀಕ್ ಶಬ್ದ. ಅಮೆರಿಕದ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ವಿವರಗಳೊಂದಿಗೆ ಇದನ್ನು ಒಂದು ಪ್ರತ್ಯೇಕ ಸ್ಥಿತಿಯಾಗಿ ವರ್ಣಿಸಿದರು. ಕನ್ನಡದ 'ಸ್ವಲೀನತೆ' ಎಂದರೆ ತನ್ನಲ್ಲಿಯೇ ಲೀನವಾಗಿರುವುದು. ಶರಣರ ನಾಡಿನಲ್ಲಿ 'ಲೀನ' ಎಂಬುದು ಗೌರವದ ಮಾತಾದುದರಿಂದ ಈ ಅನುವಾದದಲ್ಲಿ ಹೀನಾರ್ಥ ಇಲ್ಲ. ಆದರೆ ಪದ ಪಠ್ಯಪುಸ್ತಕ ಮತ್ತು ಸರ್ಕಾರಿ ಸುತ್ತೋಲೆಗಳನ್ನು ದಾಟಿ ಆಡುಮಾತಿಗೆ ಬಂದಿಲ್ಲ. ಚೀನೀ ಭಾಷೆಯಲ್ಲಿ ಇದಕ್ಕೆ 'ಒಂಟಿತನದ ರೋಗ' ಮತ್ತು 'ತನ್ನನ್ನು ತಾನೇ ಮುಚ್ಚಿಕೊಳ್ಳುವ ರೋಗ' ಎಂಬರ್ಥದ ಎರಡು ಹೆಸರುಗಳಿವೆ. ಅಲ್ಲಿ ತಾವೊ ಗುವೊತಾಯ್ ಎಂಬ ವೈದ್ಯರು 1982ರಲ್ಲಿ ಮೊದಲ ಪ್ರಕರಣಗಳನ್ನು ವರದಿ ಮಾಡಿದರು. ಸ್ವಲೀನ ಮಗನ ತಾಯಿಯಾದ ತಿಯಾನ್ ಹುಯ್‌ಪಿಂಗ್ 1993ರಲ್ಲಿ ಬೀಜಿಂಗ್‌ನಲ್ಲಿ ಶಾಲೆ ತೆರೆದರು. ಚೀನಾ 2006ರಲ್ಲಿ ಇದನ್ನು ಅಂಗವಿಕಲತೆಯ ಲೆಕ್ಕಕ್ಕೆ ಸೇರಿಸಿತು. ಭಾರತದ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅದಕ್ಕೆ ಸ್ಥಾನ ಸಿಕ್ಕಿದ್ದು 2016ರಲ್ಲಿ.

ಗುರುತಿಸುವಿಕೆ

ಹನ್ನೆರಡು ತಿಂಗಳಾದರೂ ಹೆಸರು ಕರೆದಾಗ ತಿರುಗಿ ನೋಡದಿರುವುದು, ಒಂದೂವರೆ ವರ್ಷವಾದರೂ ಬೇಕಾದ ವಸ್ತುವನ್ನು ಬೆರಳು ತೋರಿಸಿ ಕೇಳದಿರುವುದು ಗಮನಿಸಬೇಕಾದ ಸೂಚನೆಗಳು. ಕುಟುಂಬಗಳು ಸಾಮಾನ್ಯವಾಗಿ ಇವನ್ನಲ್ಲ, ಮಾತನ್ನು ಕಾಯುತ್ತವೆ. ಗಂಡುಮಕ್ಕಳಿಗೆ ಮಾತು ತಡವಾಗಿ ಬರುತ್ತದೆ, ಇವನ ಅಪ್ಪನೂ ಹೀಗೆಯೇ ಇದ್ದ ಎಂಬ ಸಮಾಧಾನದಲ್ಲಿ ಎರಡು-ಮೂರು ವರ್ಷ ಕಳೆಯುವುದುಂಟು. ನಾಲಿಗೆಗೆ ಬಜೆ ತೇಯ್ದು ನೆಕ್ಕಿಸುವುದು, ದೃಷ್ಟಿ ತೆಗೆಯುವುದು, ಹರಕೆ ಹೊರುವುದು ಈ ಅವಧಿಯ ರೂಢಿಗಳು. ಹರಕೆಯಿಂದ ಮಗುವಿಗೆ ಹಾನಿಯಿಲ್ಲ. ಕಾಯುವ ಕಾಲದಿಂದ ಹಾನಿಯಿದೆ.

ವೈದ್ಯರ ಬಳಿ ಹೋದಾಗ ಮೊದಲು ಶ್ರವಣ ಪರೀಕ್ಷೆ ನಡೆಯುತ್ತದೆ. ಕಿವುಡುತನವನ್ನು ತಳ್ಳಿಹಾಕಬೇಕಾದುದರಿಂದ ಈ ಕ್ರಮ ಸರಿಯಾದುದೇ. ಆದರೆ ಕಿವಿ ಸರಿಯಿದೆ ಎಂಬ ವರದಿಯನ್ನು ಮಗು ಸರಿಯಿದೆ ಎಂದು ಓದಿಕೊಂಡು ಮನೆಗೆ ಮರಳುವವರು ಹಲವರು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ (ಆರ್‌ಬಿಎಸ್‌ಕೆ) ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆರಡು ಬಾರಿ, ಶಾಲೆಗಳಿಗೆ ಒಂದು ಬಾರಿ ಭೇಟಿ ನೀಡಬೇಕು. ತಪಾಸಣೆಯ ಪಟ್ಟಿಯಲ್ಲಿ ಸ್ವಲೀನತೆಯೂ ಇದೆ. ಕಬ್ಬಿನ ಹಂಗಾಮಿನಲ್ಲಿ ಕಟಾವಿಗೆಂದು ಗುಳೆ ಬರುವ ಕುಟುಂಬಗಳ ಮಕ್ಕಳು ಸ್ಥಳೀಯ ಅಂಗನವಾಡಿಯ ದಾಖಲೆಯಲ್ಲಿ ಇರದಿದ್ದರೆ ಈ ತಪಾಸಣೆಯಿಂದಲೂ ಹೊರಗುಳಿಯುತ್ತಾರೆ. 2011ರ ಜನಗಣತಿಯಲ್ಲಿ ಸ್ವಲೀನತೆಗೆ ಪ್ರತ್ಯೇಕ ಕಲಂ ಇರಲಿಲ್ಲ. ಅಂದು 18.9 ಲಕ್ಷ ಜನಸಂಖ್ಯೆಯಿದ್ದ ಜಿಲ್ಲೆಯಲ್ಲಿ ಈ ಮಕ್ಕಳು 'ಬುದ್ಧಿಮಾಂದ್ಯ', 'ಮಾತಿನ ದೋಷ' ಅಥವಾ 'ಇತರೆ' ಎಂಬ ಸಾಲುಗಳಲ್ಲಿ ಹಂಚಿಹೋಗಬೇಕಾಯಿತು.

ಧಾರವಾಡದ ದಾರಿ

ಬಾಗಲಕೋಟೆಯಲ್ಲಿ ವೈದ್ಯಕೀಯ ಕಾಲೇಜು ಇದೆ. ರಾಜ್ಯದ 'ಮನೋಚೈತನ್ಯ' ಯೋಜನೆಯಡಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡೂ ಇದೆ. ಹೆಚ್ಚಿನ ತಪಾಸಣೆಗೆ ಜನ ಹೋಗುವುದು ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಅಥವಾ 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ. ಇವುಗಳಲ್ಲಿ ಧಾರವಾಡವೇ ಹತ್ತಿರ. ಸಾಮಾಜಿಕವಾಗಿ ಅದೇ ಕಷ್ಟದ ದಾರಿ. ಅಲ್ಲಿನ ಸಂಸ್ಥೆ 1845ರಲ್ಲಿ ಹುಚ್ಚಾಸ್ಪತ್ರೆಯಾಗಿ ಆರಂಭವಾಯಿತು. ಉತ್ತರ ಕರ್ನಾಟಕದಲ್ಲಿ 'ಇವನನ್ನು ಧಾರವಾಡಕ್ಕೆ ಕಳಿಸಬೇಕು' ಎಂಬುದು ಇಂದಿಗೂ ಗೇಲಿಯ ಮಾತು. ಮೂರು ವರ್ಷದ ಮಗುವಿಗೆ ವೈದ್ಯರು ಅದೇ ಊರಿನ ಚೀಟಿ ಬರೆದುಕೊಟ್ಟಾಗ ಅಜ್ಜ-ಅಜ್ಜಿ ಬೇಡವೆನ್ನುವುದು ಕೇವಲ ಅಜ್ಞಾನದಿಂದಲ್ಲ. ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಗಳಿದ್ದರೆ ಮಗುವಿನ ಸ್ಥಿತಿಯನ್ನು ಬೀಗರಿಂದ ಮುಚ್ಚಿಡುವ ಒತ್ತಡ ಇನ್ನೂ ಹೆಚ್ಚು.

ತಾಯಿಯ ಮೇಲಿನ ಆರೋಪ

ಮಗುವಿನ ವರ್ತನೆಗೆ ತಾಯಿಯನ್ನು ಹೊಣೆ ಮಾಡುವ ರೂಢಿ ಈ ಭಾಗದ್ದಷ್ಟೇ ಅಲ್ಲ. ತಾಯಿಯ ಪ್ರೀತಿಯ ಕೊರತೆಯೇ ಕಾರಣವೆಂಬ ವಾದವನ್ನು ಬ್ರೂನೊ ಬೆಟಲ್‌ಹೈಮ್ 1967ರ ತಮ್ಮ ಪುಸ್ತಕದ ಮೂಲಕ ಪಶ್ಚಿಮ ದೇಶಗಳಲ್ಲಿ ಹರಡಿದರು. ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟರ್ 1977ರಲ್ಲಿ ಅವಳಿ ಮಕ್ಕಳ ಅಧ್ಯಯನದ ಮೂಲಕ ಆನುವಂಶಿಕತೆಯ ಪಾತ್ರವನ್ನು ತೋರಿಸಿಕೊಟ್ಟರು. ಇಲ್ಲಿ ಆರೋಪದ ರೂಪ ಬೇರೆ: ಬಸುರಿಯಿದ್ದಾಗ ಗ್ರಹಣ ನೋಡಿದಳು, ಮಗುವಿನ ಕೈಗೆ ಮೊಬೈಲ್ ಕೊಟ್ಟಳು ಎಂಬ ಮಾತುಗಳು. ಸೋದರಮಾವನೊಂದಿಗಿನ ಮದುವೆ ರೂಢಿಯಲ್ಲಿರುವ ಮನೆಗಳಲ್ಲಿ ಅದನ್ನೇ ಕಾರಣವೆನ್ನುವುದೂ ಉಂಟು. ರಕ್ತಸಂಬಂಧದ ಮದುವೆ ಕೆಲವು ಆನುವಂಶಿಕ ಕಾಯಿಲೆಗಳ ಸಂಭವವನ್ನು ಹೆಚ್ಚಿಸುತ್ತದೆ ನಿಜ. ಸಂಬಂಧದಲ್ಲಿ ಮದುವೆಯಾಗದವರ ಮಕ್ಕಳಲ್ಲೂ ಸ್ವಲೀನತೆ ಇದೆ ಎಂಬುದೂ ಅಷ್ಟೇ ನಿಜ.

ಮನೆ, ಮಗ್ಗ ಮತ್ತು ಶಾಲೆ

ರಬಕವಿ ಮತ್ತು ಬನಹಟ್ಟಿ ನೇಕಾರಿಕೆಯ ಊರುಗಳು. ಅನೇಕ ಕಡೆ ವಿದ್ಯುತ್ ಮಗ್ಗಗಳು ವಾಸದ ಮನೆಯಲ್ಲೇ ಅಥವಾ ಅದರ ಗೋಡೆಗೆ ಅಂಟಿಕೊಂಡೇ ಇವೆ. ಮಗ್ಗ ನಡೆಯುವಾಗ ಪಕ್ಕದವರ ಮಾತೂ ಕೇಳಿಸದು. ಶಬ್ದವನ್ನು ಸಹಿಸದ ಸ್ವಲೀನ ಮಗು ಕಿವಿ ಮುಚ್ಚಿಕೊಂಡು ಚೀರಿದರೆ ಅದು ಹಟವಲ್ಲ. ಮಗ್ಗ ನಿಲ್ಲಿಸಿದರೆ ಆ ದಿನದ ಕೂಲಿ ನಿಲ್ಲುತ್ತದೆ. ಆದುದರಿಂದ ಮನೆಯನ್ನು ಶಾಂತವಾಗಿಡಿ ಎಂಬ ನಗರದ ವೈದ್ಯರ ಸಲಹೆ ಇಲ್ಲಿ ಹಾಗೆಯೇ ಅನ್ವಯಿಸುವುದಿಲ್ಲ. ಮಗ್ಗದಿಂದ ದೂರದ ಒಂದು ಮೂಲೆ, ಬಂಧುಗಳ ಮನೆ, ಕಿವಿಗೆ ಹಾಕುವ ಸಾಧನ ಇಂತಹ ಸಣ್ಣ ಉಪಾಯಗಳೇ ಉಳಿಯುವುದು. ಬೇಸಾಯದ ಊರುಗಳಲ್ಲಿ ಕಷ್ಟ ಬೇರೆ: ಅಪಾಯದ ಅರಿವಿಲ್ಲದೆ ಮನೆಬಿಟ್ಟು ಹೋಗುವ ಮಗುವಿಗೆ ಬಾವಿ, ಕಾಲುವೆ ಮತ್ತು ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಭಯ.

ಕೂಡುಕುಟುಂಬದಲ್ಲಿ ನೋಡಿಕೊಳ್ಳುವ ಕೈಗಳು ಹೆಚ್ಚು, ಸಲಹೆಗಳು ಅದಕ್ಕಿಂತ ಹೆಚ್ಚು. 'ದೇವರ ಮಗು' ಎಂದು ಅಕ್ಕರೆಯಿಂದ ಕಾಣುವವರಿದ್ದಾರೆ. ಆದರೆ ಆ ಅಕ್ಕರೆಯಲ್ಲಿ ಉಣ್ಣಿಸುವುದು, ಉಡಿಸುವುದು ಎಲ್ಲವನ್ನೂ ದೊಡ್ಡವರೇ ಮಾಡಿಬಿಡುವುದರಿಂದ ಮಗು ಕಲಿಯಬಹುದಾದದ್ದೂ ಕಲಿಯದೆ ಉಳಿಯುತ್ತದೆ.

2016ರ ಕಾಯ್ದೆಯು ನಿಗದಿತ ಪ್ರಮಾಣದ ಅಂಗವಿಕಲತೆಯುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ನೀಡುತ್ತದೆ. ಸಮಗ್ರ ಶಿಕ್ಷಣ ಯೋಜನೆಯಡಿ ಬ್ಲಾಕ್ ಮಟ್ಟದ ಸಂಪನ್ಮೂಲ ಶಿಕ್ಷಕರೂ (ಬಿಐಇಆರ್‌ಟಿ), ಶಾಲೆಗೆ ಬರಲಾಗದವರಿಗೆ ಗೃಹಾಧಾರಿತ ಶಿಕ್ಷಣವೂ ಇವೆ. ಒಬ್ಬ ಶಿಕ್ಷಕರ ಪಾಲಿಗೆ ಹಲವು ಶಾಲೆಗಳು ಬರುವುದರಿಂದ ದಿನನಿತ್ಯದ ಹೊಣೆ ತರಗತಿಯ ಶಿಕ್ಷಕರ ಮೇಲೆಯೇ ಬೀಳುತ್ತದೆ.

ಚಿಕಿತ್ಸೆ

ಸ್ವಲೀನತೆಯನ್ನು ಗುಣಪಡಿಸುವ ಔಷಧಿಯಿಲ್ಲ. ವಾಕ್ ಚಿಕಿತ್ಸೆ, ವರ್ತನಾ ತರಬೇತಿ ಮತ್ತು ಔದ್ಯೋಗಿಕ ಚಿಕಿತ್ಸೆಗಳಿಂದ ಕೌಶಲಗಳು ಬೆಳೆಯುತ್ತವೆ. ಕಾಂಡಕೋಶ ಚಿಕಿತ್ಸೆಯ ಜಾಹೀರಾತುಗಳನ್ನು ನಂಬಿ ಹಣ ಸುರಿಯುವ ಪಾಲಕರಿದ್ದಾರೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರಲ್ಲಿ ಸ್ವಲೀನತೆಗೆ ಈ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದೆಂದು ತಿಳಿಸಿದೆ. ತಜ್ಞರಿಲ್ಲದ ತಾಲೂಕುಗಳಿಗೆ ಹೆಚ್ಚು ಪ್ರಸ್ತುತವಾದದ್ದು ನೆರೆಯ ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳೊಂದಿಗೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ. ಅದರಲ್ಲಿ ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರು ಪಾಲಕರಿಗೆ ತರಬೇತಿ ನೀಡಿದಾಗ ಪಾಲಕ-ಮಗುವಿನ ಒಡನಾಟ ಸುಧಾರಿಸಿತು. ಪ್ರತಿ ವಾರ ಬಸ್ಸಿನಲ್ಲಿ ಹುಬ್ಬಳ್ಳಿ-ಧಾರವಾಡಕ್ಕೆ ಹೋಗಿಬರುವುದಕ್ಕಿಂತ ಇದು ಅಗ್ಗವೂ ಸಾಧ್ಯವೂ ಹೌದು.

ಪ್ರಮಾಣಪತ್ರ ಮತ್ತು ಪ್ರೌಢ ವಯಸ್ಸು

ಭಾರತದಲ್ಲಿ ಸ್ವಲೀನತೆಯನ್ನು ಅಳೆಯಲು 'ಇಸಾ' ಎಂಬ ಮಾಪನವಿದೆ. ಇದರ 40 ಪ್ರಶ್ನೆಗಳಿಗೆ 1ರಿಂದ 5ರವರೆಗೆ ಅಂಕ. ಒಟ್ಟು 70ಕ್ಕಿಂತ ಕಡಿಮೆಯಿದ್ದರೆ ಸ್ವಲೀನತೆ ಇಲ್ಲವೆಂದು ತೀರ್ಮಾನ. ಅಂಗವಿಕಲತೆ ಶೇ. 40 ಅಥವಾ ಹೆಚ್ಚು ಎಂದು ಪ್ರಮಾಣಿತವಾದರೆ ವಿಶಿಷ್ಟ ಗುರುತಿನ ಚೀಟಿ (ಯುಡಿಐಡಿ) ಮತ್ತು ಮಾಸಾಶನಕ್ಕೆ ದಾರಿಯಾಗುತ್ತದೆ. ಅರ್ಜಿ ತುಂಬಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ 'ನಿರಾಮಯ' ವಿಮೆಯು ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ವೆಚ್ಚವನ್ನು ಭರಿಸುತ್ತದೆ.

ಮಗು 18 ದಾಟಿದ ಮೇಲೆ ತಂದೆ-ತಾಯಿ ಕಾನೂನಿನ ದೃಷ್ಟಿಯಲ್ಲಿ ತಾವಾಗಿಯೇ ಪೋಷಕರಾಗಿ ಉಳಿಯುವುದಿಲ್ಲ. ಅಗತ್ಯವಿದ್ದಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಿ ಪೋಷಕತ್ವ ಪಡೆಯಬೇಕು. ಆಲಮಟ್ಟಿ ಹಿನ್ನೀರಿನಲ್ಲಿ ಜಮೀನು ಮುಳುಗಡೆಯಾದ ಬೀಳಗಿಯಂತಹ ತಾಲೂಕಿನಲ್ಲಿ ಇದು ಬರೀ ಕಾಗದದ ವಿಷಯವಲ್ಲ. ಅಣ್ಣತಮ್ಮಂದಿರ ನಡುವೆ ಹೊಲವೋ ಪರಿಹಾರದ ಹಣವೋ ಪಾಲಾಗುವಾಗ, ಸಹಿ ಮಾಡಲು ಬಾರದ ಅಣ್ಣನ ಪಾಲನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಆ ಪೋಷಕತ್ವದ ಆದೇಶವೇ ನಿರ್ಧರಿಸುತ್ತದೆ.